ಟೆರೇಸ್ ಮೇಲೆ ತರಕಾರಿ ಬೆಳೆಯೋಕೆ ಸಹಾಯ ಬೇಕು
ಎಲ್ರಿಗೂ ನಮಸ್ಕಾರ. ವಿಜಯನಗರದಲ್ಲಿ ಬಾಡಿಗೆ ಮನೆ, ಓನರ್ ಟೆರೇಸ್ ಮೇಲೆ ಗಿಡ ಇಟ್ಕೊಳ್ಳಿ ಆದ್ರೆ ನೀರು ನಿಂತು ಕೆಳಗೆ ಸೋರಬಾರ್ದು ಅಂದಿದಾರೆ, ಗ್ರೋ ಬ್ಯಾಗ್‌ನ ಇಟ್ಟಿಗೆ ಮೇಲೆ ಇಟ್ರೆ ಸಾಕಾ, ಸ್ಟ್ಯಾಂಡೇ ಬೇಕಾ? ಮೊದ್ಲು ಮೆಂತ್ಯ, ದಂಟಿನ ಸೊಪ್ಪು ಹಾಕೋಣ ಅಂತಿದೀನಿ, ಮೆಂತ್ಯಕ್ಕೆ ಅಡುಗೆಮನೆ ಡಬ್ಬದ ಕಾಳೇ ಸಾಕಲ್ವಾ. ಟೊಮೇಟೊಗೆ ಮಾತ್ರ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್ ಅವ್ರ ಅರ್ಕಾ ರಕ್ಷಕ್ ಬೀಜ ತರೋ ಆಸೆ, ರೋಗ ತಡ್ಕೊಳ್ಳತ್ತೆ, ಆದ್ರೆ ಹೈಬ್ರಿಡ್ ಆಗಿರೋದ್ರಿಂದ ಪ್ರತಿ ಸಲ ಹೊಸ ಬೀಜನೇ ತಗೋಬೇಕು (ಜೇಬಿಗೆ ಕತ್ತರಿ!). ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮ ಸಮ ಹಾಕಿದ್ರೆ ಆಗತ್ತಾ? ಮುಖ್ಯವಾದ ಡೌಟು, ಬಿಸಿಲು ಬೆಳಗ್ಗೆ ಹನ್ನೊಂದರ ತನಕ ಅಷ್ಟೇ, ಆಮೇಲೆ ಪಕ್ಕದ ಬಿಲ್ಡಿಂಗ್ ನೆರಳು, ಅಷ್ಟಕ್ಕೆ ಟೊಮೇಟೊ ಕಾಯಿ ಕಚ್ಚುತ್ತಾ? ಪಾರಿವಾಳದ ಕಾಟಕ್ಕೂ ಏನಾದ್ರೂ ಹೇಳಿ ಪ್ಲೀಸ್.