ಟ್ರ್ಯಾಕ್ಟರಿಗೆ ಜೋಡಿಸುವ ಸೌದೆ ಸೀಳುವ ಯಂತ್ರ: 6 ಇಂಚಿನ ಗರ್ಡರ್ ಸಾಕೇ?

ಪ್ರಶ್ನೆ: ಹೊಸನಗರದ ತೋಟಿಗ

ಮಾನ್ಯರೇ,

ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ಮೂರು ಎಕರೆ ಅಡಿಕೆ ತೋಟ. ವರ್ಷವಿಡೀ ಉರಿಯುವ ಬಚ್ಚಲೊಲೆಗೂ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಗೂ ಬೇಕಾದ ಸೌದೆಯನ್ನು ಇದುವರೆಗೆ ಕೊಡಲಿಯಲ್ಲೇ ಸೀಳಿಸುತ್ತಿದ್ದೆವು. ಮೂವತ್ತು ವರ್ಷಗಳಿಂದ ಈ ಕೆಲಸಕ್ಕೆ ಬರುತ್ತಿದ್ದವರಿಗೆ ಈಗ ಭುಜ ಎತ್ತಲು ಆಗುತ್ತಿಲ್ಲ, ಅವರ ಮಕ್ಕಳು ಬೆಂಗಳೂರು ಸೇರಿದ್ದಾರೆ, ನನಗೋ ನಾಲ್ಕು ಅಕೇಶಿಯಾ ಕುಂಟೆ ಒಡೆಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಆದ್ದರಿಂದ ಹೈಡ್ರಾಲಿಕ್ ಒತ್ತಡದಿಂದ ಸೌದೆ ಸೀಳುವ ಯಂತ್ರವೊಂದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬೇಕೆಂದುಕೊಂಡಿದ್ದೇನೆ.

ಮಣ್ಣು ಅಗೆಯುವ ಹಳೆಯ ಯಂತ್ರದಿಂದ ಕಳಚಿದ, ಎರಡೂ ಕಡೆಗೆ ಕೆಲಸ ಮಾಡುವ ಸಿಲಿಂಡರ್ ಒಂದು ಗುಜರಿಯಲ್ಲಿ ಸಿಕ್ಕಿದೆ. ಅದರ ಒಳವ್ಯಾಸ 100 ಮಿ.ಮೀ., ರಾಡಿನ ದಪ್ಪ 50 ಮಿ.ಮೀ., ಚಲನೆಯ ಉದ್ದ 60 ಸೆಂ.ಮೀ. ಮನೆಯಲ್ಲಿ 35 ಎಚ್‌ಪಿ ಟ್ರ್ಯಾಕ್ಟರ್ ಇದ್ದು, ಟಿಪ್ಪಿಂಗ್ ಟ್ರೈಲರ್ ಎತ್ತಲು ಅದರಲ್ಲಿ ಒಂದು ಹೈಡ್ರಾಲಿಕ್ ಹೊರದಾರಿಯಿದೆ. ಸಿಲಿಂಡರನ್ನು 6 ಇಂಚಿನ ಗರ್ಡರಿನ ಮೇಲೆ ಕೂರಿಸಿದರೆ ಧಾರಾಳವಾಯಿತು ಎಂಬುದು ವೆಲ್ಡರ್ ಅಭಿಪ್ರಾಯ. ಅದು ನಿಜವೇ? ಟ್ರೈಲರಿನ ಪೈಪನ್ನೇ ಸಿಲಿಂಡರಿಗೆ ಕೊಡಬಹುದೇ? ಇಷ್ಟೆಲ್ಲ ತಾಪತ್ರಯ ಬಿಟ್ಟು, ಮೋಟರಿಗೆ ತಿರುಪಿನ ಶಂಕು ಜೋಡಿಸಿದ ಅಗ್ಗದ ಯಂತ್ರವನ್ನೇ ತರುವುದು ಮೇಲೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ತೀರ್ಥಹಳ್ಳಿಯಿಂದ, ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ

ಗರ್ಡರಿನ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಇದೇ ತಪ್ಪನ್ನು ನಾನು ಸ್ವತಃ ಮಾಡಿ ಅನುಭವಿಸಿದ್ದೇನೆ. ಸೌದೆ ಸೀಳುವ ಯಂತ್ರವೆಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಟನ್ ಎಂದು. ಆದರೆ ಆ ಟನ್ನುಗಳು ದಿಮ್ಮಿಯನ್ನು ಎಷ್ಟು ಜೋರಾಗಿ ನೂಕುತ್ತವೆಯೋ ಅಷ್ಟೇ ಜೋರಾಗಿ ಸಿಲಿಂಡರನ್ನೂ ಬೆಣೆಯನ್ನೂ ಒಂದರಿಂದೊಂದು ದೂರಕ್ಕೆ ತಳ್ಳುತ್ತವೆ, ಅವೆರಡನ್ನೂ ಹಿಡಿದು ನಿಲ್ಲಿಸುವುದು ಗರ್ಡರ್ ಮಾತ್ರ ಎಂಬುದನ್ನು ಯೋಚಿಸುವವರು ಕಡಿಮೆ.

ತಮ್ಮ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಸೆಂ.ಮೀ. ಎಣ್ಣೆಯ ಒತ್ತಡ 150 ಬಾರ್, ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 153 ಕೆ.ಜಿ. ಇದ್ದರೆ ರಾಡು 12 ಟನ್ ಬಲದಿಂದ ನೂಕುತ್ತದೆ. ಈ ಬಲ ಹಾದುಹೋಗುವುದು ದಿಮ್ಮಿಯ ನಡುವಿನಿಂದ, ಎಂದರೆ ಗರ್ಡರಿನ ಮೇಲ್ಮೈಯಿಂದ ಸುಮಾರು 12 ಸೆಂ.ಮೀ. ಎತ್ತರದಲ್ಲಿ. 6 ಇಂಚಿನ ಗರ್ಡರಿನ ನಡುಗೆರೆ ಮೇಲ್ಮೈಯಿಂದ 7.5 ಸೆಂ.ಮೀ. ಕೆಳಗಿರುವುದರಿಂದ, 12 ಟನ್ ಬಲವು ಹೆಚ್ಚುಕಡಿಮೆ 19.5 ಸೆಂ.ಮೀ. ಉದ್ದದ ಸನ್ನೆಗೋಲು ಹಿಡಿದು ಗರ್ಡರನ್ನು ಬಾಗಿಸುತ್ತದೆ. ಐಎಸ್‌ಎಂಬಿ 150 ಎಂಬ ಹೆಸರಿನ ಈ 6 ಇಂಚಿನ ಗರ್ಡರಿನ ಸೆಕ್ಷನ್ ಮಾಡ್ಯುಲಸ್, ಅಂದರೆ ಬಾಗುವಿಕೆಯನ್ನು ತಡೆಯುವ ಸಾಮರ್ಥ್ಯದ ಅಳತೆ, ಸುಮಾರು 97 ಘನ ಸೆಂ.ಮೀ. ಮಾತ್ರ. ಬಲವನ್ನು ಸನ್ನೆಗೋಲಿನ ಉದ್ದದಿಂದ ಗುಣಿಸಿ ಇದರಿಂದ ಭಾಗಿಸಿ ನೋಡಿ, ಅದಕ್ಕೆ ನೇರ ಎಳೆತದ ಪಾಲನ್ನೂ ಸೇರಿಸಿದರೆ, ಮೇಲಿನ ಪಟ್ಟಿಯ ಮೇಲೆ ಪ್ರತಿ ಚದರ ಸೆಂ.ಮೀ.ಗೆ 3,000 ಕೆ.ಜಿ. ಬೀಳುತ್ತದೆ. ಸಾಮಾನ್ಯ ಉಕ್ಕು 2,500ರ ಆಸುಪಾಸಿನಲ್ಲೇ ಸೋಲುತ್ತದೆ. ಐಎಸ್‌ಎಂಬಿ 200, ಅಂದರೆ 8 ಇಂಚಿನದು, ಇದೇ ಲೆಕ್ಕದಲ್ಲಿ 1,550ರ ಸುತ್ತ ನಿಲ್ಲುತ್ತದೆ. ಮೀಟರಿಗೆ ಸುಮಾರು 15 ಕೆ.ಜಿ. ತೂಗುವ ಗರ್ಡರಿನ ಬದಲು 25 ಕೆ.ಜಿ.ಯದನ್ನು ಕೊಳ್ಳಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ನನ್ನ ಮೊದಲ ಯಂತ್ರ 6 ಇಂಚಿನದೇ ಆಗಿತ್ತು. ಸಿಲ್ವರ್ ಓಕ್ ದಿಮ್ಮಿಗಳನ್ನು ಅದು ಬೆಣ್ಣೆಯಂತೆ ಸೀಳಿದ್ದರಿಂದ ಒಂದು ವಾರ ಎಲ್ಲರಿಗೂ ಕರೆದು ಕರೆದು ತೋರಿಸಿದೆ. ಎಂಟನೆಯ ದಿನ ಹಲಸಿನ ಗಂಟೊಂದು ಸಿಕ್ಕಿಕೊಂಡಿತು. ನಾನು ಲಿವರನ್ನು ಒತ್ತಿ ಹಿಡಿದೇ ಇದ್ದೆ. ದಿಮ್ಮಿ ಸೀಳಲಿಲ್ಲ, ಗರ್ಡರಿನ ನಡುಭಾಗದ ಬಣ್ಣ ಮಾತ್ರ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ಕೈಬಿಟ್ಟು ದಾರ ಹಿಡಿದು ನೋಡಿದಾಗ ನಡು ಮೇಲೆದ್ದು ಎರಡೂ ತುದಿಗಳು ಕೆಳಗೆ ಬಾಗಿದ್ದವು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬಲಪಡಿಸಲೆಂದು ನಮ್ಮ ವೆಲ್ಡರ್ ಗರ್ಡರಿನ ಅಡಿಗೆ ಒಂದು ಪಟ್ಟಿಯನ್ನು ಮೊದಲೇ ಬೆಸೆದಿದ್ದ, ಏಕೆಂದರೆ ಮನೆಯ ತೊಲೆಯಂತೆ ಇಲ್ಲಿಯೂ ಭಾರ ಮೇಲಿನಿಂದ ಬರುತ್ತದೆಂಬುದು ಅವನ ಎಣಿಕೆ. ಈ ಯಂತ್ರದಲ್ಲಿ ಹೆಚ್ಚು ಎಳೆತ ಬೀಳುವುದು ಮೇಲಿನ ಪಟ್ಟಿಗೆ. ತಾವು ಪಟ್ಟಿ ಬೆಸೆಯುವುದಾದರೆ ಮೇಲ್ಭಾಗಕ್ಕೆ ಬೆಸೆಯಿರಿ. ಆದರೆ 8 ಇಂಚಿನ ಗರ್ಡರನ್ನೇ ತಂದರೆ ಆ ಚಿಂತೆಯೇ ಬೇಡ.

ಉತ್ತರ 2: ಮೂಡಿಗೆರೆಯಿಂದ, ಟ್ರ್ಯಾಕ್ಟರ್ ಮೆಕ್ಯಾನಿಕ್

ಮೇಲಿನವರು ಹೇಳಿದ ಲೆಕ್ಕಕ್ಕೆ ನನ್ನ ಕಡೆಯಿಂದ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. 12 ಟನ್ ಎಂಬುದು 150 ಬಾರಿಗೆ ಹೊಂದಿದ ಲೆಕ್ಕ. ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಒತ್ತಡ ಮಾದರಿಗೆ ತಕ್ಕಂತೆ 150ರಿಂದ 200 ಬಾರ್‌ವರೆಗೂ ಇರುತ್ತದೆ. 200 ಬಾರ್ ಬಂದರೆ ಅದೇ ಸಿಲಿಂಡರ್ 16 ಟನ್ ನೂಕುತ್ತದೆ, ಆಗ 8 ಇಂಚಿನ ಗರ್ಡರಿಗೂ ಉಸಿರು ಕಟ್ಟುತ್ತದೆ. ಆದ್ದರಿಂದ ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವ್ ಇರುವ ಕಂಟ್ರೋಲ್ ವಾಲ್ವನ್ನೇ ಕೊಂಡು, ಒತ್ತಡ ತೋರಿಸುವ ಮೀಟರನ್ನು ಜೋಡಿಸಿ 150ಕ್ಕೆ ಹೊಂದಿಸಿಕೊಳ್ಳಿ.

ಟ್ರೈಲರಿನ ಪೈಪನ್ನು ನೇರವಾಗಿ ಕೊಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆ ದಾರಿ ಒಂದೇ ಕಡೆಗೆ ಎಣ್ಣೆ ನೂಕುತ್ತದೆ. ಟ್ರೈಲರ್ ತನ್ನ ಭಾರದಿಂದ ತಾನೇ ಇಳಿಯುವುದರಿಂದ ಅಲ್ಲಿ ಅಷ್ಟು ಸಾಕು. ಅಡ್ಡಲಾಗಿ ಮಲಗಿದ ಸಿಲಿಂಡರಿನ ರಾಡನ್ನು ಹಿಂದಕ್ಕೆ ಎಳೆಯಲು ಎಣ್ಣೆಯೇ ಬೇಕು. ಎರಡೂ ಕಡೆಗೆ ಎಣ್ಣೆ ತಿರುಗಿಸುವ ಕಂಟ್ರೋಲ್ ವಾಲ್ವನ್ನು ನಡುವೆ ಕೂರಿಸಿ, ಅದರಿಂದ ವಾಪಸು ಬರುವ ಎಣ್ಣೆಗೆ ಪ್ರತ್ಯೇಕ ದಪ್ಪ ಪೈಪಿನಲ್ಲಿ ದಾರಿ ಮಾಡಿಕೊಡಬೇಕು.

ಆದರೂ ಟ್ರ್ಯಾಕ್ಟರಿನ ಎಣ್ಣೆಯನ್ನೇ ಬಳಸಬೇಡಿರೆಂಬುದು ನನ್ನ ಸಲಹೆ. ತಮ್ಮ ಸಿಲಿಂಡರ್ ಗುಜರಿಯದು. ಅದರೊಳಗೆ ಎಷ್ಟು ಕಾಲದ ತುಕ್ಕು, ಮಣ್ಣು, ಸೀಲಿನ ಚೂರು ಇದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ಮತ್ತು ಗೇರ್‌ಬಾಕ್ಸು ಒಂದೇ ಎಣ್ಣೆಯಲ್ಲಿ ಓಡುತ್ತವೆ. ಹೀಗೆ ಸೌದೆ ಸೀಳಲು ಹೋಗಿ ಹೈಡ್ರಾಲಿಕ್ ಪಂಪನ್ನೇ ಕಳೆದುಕೊಂಡ ಎರಡು ಟ್ರ್ಯಾಕ್ಟರುಗಳನ್ನು ನಾನೇ ಬಿಚ್ಚಿದ್ದೇನೆ. ತಳದಲ್ಲಿ ಕಾಫಿಗಷ್ಟಿನಂಥ ಕಪ್ಪು ಕೆಸರು ಕೂತಿತ್ತು. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುವ ದಂಡಕ್ಕೆ, ಅಂದರೆ ಪಿಟಿಓಗೆ, ಬೇರೆ ಗೇರ್ ಪಂಪು ಜೋಡಿಸಿ, 50 ಲೀಟರಿನ ಪ್ರತ್ಯೇಕ ಟ್ಯಾಂಕ್ ಇಟ್ಟು, ಎಣ್ಣೆ ವಾಪಸು ಬರುವ ದಾರಿಯಲ್ಲಿ ಫಿಲ್ಟರ್ ಹಾಕಿದರೆ ಖರ್ಚು ಹೆಚ್ಚಾದರೂ ಟ್ರ್ಯಾಕ್ಟರ್ ಉಳಿಯುತ್ತದೆ. ಪಿಟಿಓ 540 ಸುತ್ತು ತಿರುಗುವಾಗ ನಿಮಿಷಕ್ಕೆ 20 ಲೀಟರ್ ಬೇಕೆಂದರೆ ಪಂಪು ಸುತ್ತಿಗೆ 37 ಸಿಸಿಯದಾಗಿರಬೇಕು. ಚಿಕ್ಕ ಪಂಪಾದರೆ ವೇಗ ಹೆಚ್ಚಿಸುವ ಗೇರು ಬೇಕಾಗುತ್ತದೆ.

20 ಲೀಟರಿಗೆ ತಮ್ಮ ರಾಡು 60 ಸೆಂ.ಮೀ. ಮುಂದೆ ಹೋಗಲು ಸುಮಾರು 14 ಸೆಕೆಂಡು, ಹಿಂದೆ ಬರಲು 11 ಸೆಕೆಂಡು ಹಿಡಿಯುತ್ತದೆ. 45 ಸೆಂ.ಮೀ. ಉದ್ದದ ಕುಂಟೆಗೆ ಪೂರ್ತಿ ಹಿಂದೆ ಎಳೆಯುವ ಅಗತ್ಯವಿಲ್ಲವಾದ್ದರಿಂದ ಇನ್ನೂ ಬೇಗ ಆಗುತ್ತದೆ. ಇದಕ್ಕೆ ಬೇಕಾಗುವ ಶಕ್ತಿ ಸುಮಾರು 8 ಎಚ್‌ಪಿ. 35 ಎಚ್‌ಪಿ ಟ್ರ್ಯಾಕ್ಟರಿಗೆ ಇದು ಲೆಕ್ಕಕ್ಕೇ ಇಲ್ಲ. ಇದೇ ಸಿಲಿಂಡರನ್ನು 3 ಎಚ್‌ಪಿ ಕರೆಂಟ್ ಮೋಟರಿನಲ್ಲಿ ನಡೆಸಿದರೆ ನಿಮಿಷಕ್ಕೆ ಏಳೂವರೆ ಲೀಟರ್ ಮಾತ್ರ ಸಿಕ್ಕಿ, ಒಂದು ಸಲ ಮುಂದೆ ಹೋಗಲು 38 ಸೆಕೆಂಡು ಬೇಕಾಗುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ.

ಹೋಸಿನಲ್ಲಿ ಎಣ್ಣೆ ಜಿನುಗುತ್ತಿದೆಯೆಂದು ಬೆರಳಿನಿಂದ ತಡವಿ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ.

ಉತ್ತರ 3: ಶಿರಸಿಯಿಂದ

ತಿರುಪಿನ ಶಂಕಿನ ಬಗ್ಗೆ ಯಾರೂ ಉತ್ತರಿಸದ ಕಾರಣ ನಾನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದು ನಾಲ್ಕು ವರ್ಷ ಇತ್ತು. 3 ಎಚ್‌ಪಿ ಮೋಟರು, 1,440 ಸುತ್ತು. ಮೋಟರಿಗೆ 3 ಇಂಚಿನ ಪುಲ್ಲಿ, ಶಂಕಿನ ದಂಡಕ್ಕೆ 15 ಇಂಚಿನದು. ಹಾಗಾಗಿ ಶಂಕು 288 ಸುತ್ತು ತಿರುಗುತ್ತಿತ್ತು. ನೇರ ಎಳೆಯ ಹಸಿ ಸಿಲ್ವರ್ ಓಕ್, ರಬ್ಬರ್, ಗೇರು ಮುಂತಾದವಕ್ಕೆ ಅದರಷ್ಟು ಚುರುಕಾದ ಯಂತ್ರ ಇನ್ನೊಂದಿಲ್ಲ ಎಂಬುದನ್ನು ಒಪ್ಪುತ್ತೇನೆ. ಗಂಟು ಸಿಕ್ಕಾಗ ಮಾತ್ರ ಶಂಕು ದಿಮ್ಮಿಯೊಳಗೆ ಕಚ್ಚಿಕೊಂಡು ದಿಮ್ಮಿಯನ್ನೇ ತಿರುಗಿಸುತ್ತದೆ. ತಿರುಗದಂತೆ ತಡೆಯುವ ಗಟ್ಟಿ ಮೇಜು ಕೆಳಗೆ ಇಲ್ಲದಿದ್ದರೆ ಆ ದಿಮ್ಮಿ ಹಿಡಿದವನ ಮಣಿಕಟ್ಟನ್ನು ಮುರಿಯುತ್ತದೆ.

ನಮ್ಮಲ್ಲಿ ನಡೆದದ್ದು ಬೇರೆ. ಮಳೆಗಾಲ ಹಿಡಿಯುವ ಮುಂಚೆ ಅವಸರದಲ್ಲಿ ಸೀಳುತ್ತಿದ್ದಾಗ ನನ್ನ ಅಣ್ಣ ಹೆಗಲ ಮೇಲಿನ ಪಂಚೆಯಿಂದ ಬೆವರು ಒರೆಸಿಕೊಂಡು ಹಾಗೆಯೇ ಬಗ್ಗಿದ. ಪಂಚೆಯ ಅಂಚು ಶಂಕಿಗೆ ತಾಗಿದ್ದಷ್ಟೇ ನನಗೆ ನೆನಪು. ಪಂಚೆ ಹಳೆಯದಾಗಿದ್ದು ಹರಿದುಹೋದದ್ದರಿಂದ ಕುತ್ತಿಗೆ ಉಳಿಯಿತು. ಮರುದಿನವೇ ಶಂಕನ್ನು ಕಳಚಿ, ಆ ಮೋಟರನ್ನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕಿದೆವು. ಲುಂಗಿ, ಟವೆಲು ಬಿಟ್ಟು ಕೆಲಸ ಮಾಡುವ ಅಭ್ಯಾಸವೇ ಇಲ್ಲದ ನಮ್ಮಂಥವರ ಮನೆಗೆ ಅದು ತಕ್ಕುದಲ್ಲ. ಹೈಡ್ರಾಲಿಕ್ ಯಂತ್ರ ನಿಧಾನ, ಆದರೆ ಲಿವರ್ ಬಿಟ್ಟ ಕೂಡಲೇ ನಿಲ್ಲುತ್ತದೆ. ಅದರಲ್ಲಿಯೂ ದಿಮ್ಮಿ ಇಡುವವನೇ ಲಿವರ್ ಎಳೆಯಬೇಕು. ಒಬ್ಬ ಇಡುವುದು, ಇನ್ನೊಬ್ಬ ಎಳೆಯುವುದು ಎಂದು ಹಂಚಿಕೊಂಡಲ್ಲಿಯೇ ಬೆರಳು ಹೋಗುವುದು.

ಇನ್ನೊಂದು ವಿಚಾರ: ತಾವು ಎಲ್ಲ ಸೌದೆಯನ್ನೂ ಸೀಳಬೇಕೆಂದಿಲ್ಲ. ಅಡಿಕೆ ಬೇಯಿಸುವ ಒಲೆಯ ಬಾಯಿ ದೊಡ್ಡದಾದ್ದರಿಂದ, ಒಮ್ಮೆ ಬೆಂಕಿ ಹೊತ್ತಿದ ಮೇಲೆ ಒಣಗಿದ ಇಡೀ ಕುಂಟೆಗಳನ್ನೇ ದೂಡಬಹುದು. ಅವು ನಿಧಾನವಾಗಿ, ಹೆಚ್ಚು ಹೊತ್ತು ಉರಿಯುತ್ತವೆ. ಸೀಳು ಬೇಕಾದದ್ದು ಬಚ್ಚಲೊಲೆಗೆ ಮತ್ತು ಅಡುಗೆಗೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ಸೌದೆ ಉಳಿಸಲೆಂದು ರೂಪಿಸಿದ ಅಸ್ತ್ರ ಒಲೆ ನಮ್ಮಲ್ಲಿ ಇನ್ನೂ ಇದೆ. ಅದಕ್ಕಂತೂ ಸಣ್ಣ ಸೀಳುಗಳೇ ಆಗಬೇಕು.

ಸೀಳುವ ಕಾಲವೂ ಮುಖ್ಯ. ಮರ ಕಡಿದು ತಿಂಗಳೊಳಗೆ, ಹಸಿಯಿರುವಾಗಲೇ ಸೀಳಿ. ಗಾಳಿಮರ ಒಣಗಿದರೆ ಕಲ್ಲಾಗುತ್ತದೆ. ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲವಾದ್ದರಿಂದ ಸೀಳಿದ ಮುಖವಿದ್ದರೇ ಸೌದೆ ಬೇಗ ಆರುವುದು. ಫೆಬ್ರವರಿ, ಮಾರ್ಚಿನಲ್ಲಿ ಸೀಳಿ ಬಿಸಿಲಿಗೆ ಹರವಿದರೆ ಜೂನಿನ ಮಳೆಗೆ ಮೊದಲು ಕೊಟ್ಟಿಗೆ ಸೇರಿಸಬಹುದು. ತೆಂಗಿನ ಕಾಂಡವನ್ನು ಯಂತ್ರಕ್ಕೆ ಇಡುವ ಪ್ರಯತ್ನ ಬೇಡ, ಅದು ಸೀಳುವುದಿಲ್ಲ, ನಾರು ನಾರಾಗಿ ಜಜ್ಜಿಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಅನಂತ ಧನ್ಯವಾದಗಳು. ಶಂಕಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. 8 ಇಂಚಿನ ಗರ್ಡರ್ ಮತ್ತು ಪ್ರತ್ಯೇಕ ಪಂಪು ಎಂದು ನಿಶ್ಚಯಿಸಿ ವೆಲ್ಡರಿಗೆ ಹೇಳಿದಾಗ, ಅವರು ಮೊದಲು ನಕ್ಕು, ಬಣ್ಣ ಉದುರಿದ ಕಥೆ ಕೇಳಿದ ಮೇಲೆ ಸುಮ್ಮನಾದರು. ಈಗ ಉಳಿದಿರುವುದು ಬೆಣೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಾ ಗಟ್ಟಿಯಾಗಿರುತ್ತದೆ, ಅದನ್ನೇ ಬೆಸೆಯೋಣ ಎನ್ನುತ್ತಿದ್ದಾರೆ. ಒಂದೇ ಸಲಕ್ಕೆ ನಾಲ್ಕು ಸೀಳು ಬರುವಂತೆ ಅಡ್ಡ ರೆಕ್ಕೆ ಇಡಬಹುದೇ?

ಉತ್ತರ 4: ತೀರ್ಥಹಳ್ಳಿಯಿಂದ, ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ

ಸ್ಪ್ರಿಂಗ್ ಪಟ್ಟಾ ಗಟ್ಟಿಯೆಂಬುದು ನಿಜ, ಆದರೆ ಅದರಲ್ಲಿ ಇಂಗಾಲದ ಅಂಶ ಹೆಚ್ಚು. ಮೊದಲೇ ಕಾಯಿಸದೆ ಸಾಮಾನ್ಯ ರಾಡಿನಿಂದ ಬೆಸೆದರೆ ಬೆಸುಗೆಯ ಪಕ್ಕದ ಲೋಹ ಗಾಜಿನಂತೆ ಪೆಡಸಾಗಿ, ಒಂದು ದಿನ ಹೇಳದೆ ಕೇಳದೆ ಬಿರುಕು ಬಿಡುತ್ತದೆ. 25 ಮಿ.ಮೀ. ದಪ್ಪದ ಸಾಮಾನ್ಯ ಉಕ್ಕಿನ ಪ್ಲೇಟನ್ನೇ ತೆಗೆದುಕೊಂಡು ಅಂಚನ್ನು ಉಜ್ಜಿ, ಅಂಚಿನ ಮೇಲೆ ಮಾತ್ರ ಹಾರ್ಡ್‌ಫೇಸಿಂಗ್ ರಾಡಿನಿಂದ (ಸುಲಭವಾಗಿ ಸವೆಯದ ಗಟ್ಟಿ ಲೋಹದ ಬೆಸುಗೆ ರಾಡು) ಒಂದು ಸಾಲು ಎಳೆಸಿದರೆ ಸಾಕು. ಕೊಡಲಿಯಷ್ಟು ಹರಿತ ಬೇಕಾಗಿಲ್ಲ. ಅಂಚಿನಿಂದ ಆರೇಳು ಸೆಂ.ಮೀ. ಹಿಂದೆ ಎರಡೂ ಬದಿಗೆ ಓರೆಯಾಗಿ ತುಂಡು ಬೆಸೆದು ದಪ್ಪವನ್ನು ಹೆಚ್ಚಿಸಿ. ಮೊದಲು ತೆಳುವಾಗಿ ಹೊಕ್ಕು, ಆಮೇಲೆ ಅಗಲಿಸುವ ಬೆಣೆಯೇ ಕಡಿಮೆ ಬಲದಲ್ಲಿ ಸೀಳುತ್ತದೆ.

ಅಡ್ಡ ರೆಕ್ಕೆಯನ್ನು ಬೆಸೆಯದೆ, ಬೆಣೆಯ ಮೇಲೆ ತೊಡಿಸಿ ತೆಗೆಯುವಂತೆ ಮಾಡಿಸಿ. ಸಿಲ್ವರ್ ಓಕಿಗೆ ಅದು ಸೊಗಸು, ಅಕೇಶಿಯಾದ ತಿರುಚಿದ ಎಳೆಗೆ 12 ಟನ್ನಿನಲ್ಲಿ ಒಗ್ಗದು. ದಿಮ್ಮಿಯ ಎರಡೂ ತುದಿಗಳನ್ನು ಚೈನ್ ಸಾದಿಂದ ನೇರವಾಗಿ ಕತ್ತರಿಸಿರಬೇಕು, ಓರೆಯಾಗಿದ್ದರೆ ಒತ್ತಡ ಬಿದ್ದೊಡನೆ ಅದು ಮೇಲಕ್ಕೆ ಚಿಮ್ಮುತ್ತದೆ.

ನೂಕುವ ತಟ್ಟೆಯ ವಿಷಯ ಬರೆಯಲು ಮರೆತಿದ್ದೆ. ಅದನ್ನು ರಾಡಿನ ತುದಿಗೆ ನೇರ ಬೆಸೆಯಬೇಡಿ. ತಟ್ಟೆ ಗರ್ಡರಿನ ಮೇಲಿನ ಪಟ್ಟಿಯನ್ನು ಎರಡೂ ಬದಿಯಿಂದ ತಬ್ಬಿಕೊಂಡು ಜಾರುವಂತಿರಲಿ, ರಾಡು ಅದಕ್ಕೆ ಪಿನ್ನಿನಿಂದ ಕೂಡಿರಲಿ, ಸಿಲಿಂಡರಿನ ಹಿಂಬದಿಯೂ ಪಿನ್ನಿನ ಮೇಲೆಯೇ ಇರಲಿ. ಹಾಗಿಲ್ಲದಿದ್ದರೆ ದಿಮ್ಮಿ ಪಕ್ಕಕ್ಕೆ ಹೊರಳಿದಾಗ ರಾಡು ಬಾಗಿ ಸೀಲು ಹರಿಯುತ್ತದೆ. ರಾಡು ಪೂರ್ತಿ ಹೊರಬಂದಾಗಲೂ ತಟ್ಟೆಗೂ ಬೆಣೆಗೂ ನಡುವೆ ಒಂದು ಇಂಚು ಉಳಿಯುವಂತೆ ಅಳತೆ ಮಾಡಿ, ಆಮೇಲೆ ಬೆಣೆಯನ್ನು ಬೆಸೆಯಿರಿ. ಮೊದಲು ನಾಲ್ಕು ಕಡೆ ಚುಕ್ಕಿ ಬೆಸುಗೆ ಹಾಕಿಸಿ, ದಿಮ್ಮಿಯಿಲ್ಲದೆ ಒಮ್ಮೆ ಹಿಂದೆಮುಂದೆ ಓಡಿಸಿ ನೋಡಿ.