ಮನೆಯ ಅಪ್ರೈಸಲ್ ಕಡಿಮೆ ಬಂದಿದೆ, ಜನ ನೋಡಿ ಬೆಲೆ ಕಟ್ಟಿದರಾ? ಅನುಭವ ಇದ್ದವರು ಹೇಳಿ

ಕೇಳಿದವರು, ರ‍್ಯಾಂಡಲ್ಸ್‌ಟೌನ್, ಮೇರಿಲ್ಯಾಂಡ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬಾಲ್ಟಿಮೋರ್ ಪಕ್ಕದ ರ‍್ಯಾಂಡಲ್ಸ್‌ಟೌನ್‌ನಲ್ಲಿದೆ. ಸುತ್ತಮುತ್ತ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ ಕುಟುಂಬಗಳು. ರೀಫೈನಾನ್ಸ್‌ಗೆ, ಅಂದರೆ ಹಳೆ ಗೃಹಸಾಲ ತೀರಿಸಿ ಹೊಸ ಸಾಲ ತಗೊಳ್ಳೋಕೆ, ಹಾಕಿದ್ದೆವು. ಸಾಲಕ್ಕಾಗಿ ಮನೆಗೆ ಬೆಲೆ ಕಟ್ಟುವ ಅಪ್ರೈಸಲ್ ನಾವು ಎಣಿಸಿದ್ದಕ್ಕಿಂತ 60 ಸಾವಿರ ಡಾಲರ್ ಕಡಿಮೆ ಬಂತು. ಅಪ್ರೈಸರ್ ಮನೆಯೊಳಗೆ ಇದ್ದದ್ದೇ ಇಪ್ಪತ್ತು ನಿಮಿಷ. ದೇವರ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಏನೂ ಕೇಳದೆ ಮುಂದೆ ಹೋದರು. ಎದುರು ಮನೆಯ ಅಜ್ಜಿ ಮೂವತ್ತು ವರ್ಷದಿಂದ ಇಲ್ಲೇ ಇರುವವರು. "ಮುಂದಿನ ಸಲ ಗೋಡೆ ಮೇಲಿನ ಫೋಟೋ, ದೇವರು ಎಲ್ಲ ತೆಗೆದಿಡು, ನಾವು ಯಾವಾಗಲೂ ಹಾಗೇ ಮಾಡೋದು" ಅಂದರು. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ನಮ್ಮ ಯಜಮಾನರು "ಇದರಲ್ಲಿ ಜನಾಂಗದ ಮಾತು ಯಾಕೆ, ಮಾರ್ಕೆಟ್ಟೇ ಅಷ್ಟು" ಅಂತಾರೆ. ನಿಜಕ್ಕೂ ಸಾಕ್ಷಿ ಇದೆಯಾ? ಬಾಗಿಲ ತೋರಣ ಬಿಚ್ಚಿಡಬೇಕಾ?

ಓವಿಂಗ್ಸ್ ಮಿಲ್ಸ್‌ನಿಂದ:

ಅಕ್ಕ, ತೋರಣದ ವಿಷಯ ಆಮೇಲೆ. ಮೊದಲು ಅಪ್ರೈಸಲ್ ರಿಪೋರ್ಟ್ ಕೈಗೆ ತಗೊಳ್ಳಿ. ಅದರ ಪ್ರತಿಯನ್ನು ಲೆಂಡರ್, ಅಂದರೆ ಸಾಲ ಕೊಡುವವರು, ನಿಮಗೆ ಕೊಡಲೇಬೇಕು, ಪ್ರತಿಗೆ ದುಡ್ಡು ಕೇಳುವ ಹಾಗಿಲ್ಲ. ನಮಗೂ 2022ರಲ್ಲಿ ಹೀಗೇ ಆಗಿತ್ತು. ನಾನು ಎರಡು ರಾತ್ರಿ ಅಳುತ್ತಾ ಕೂತೆ, ಮೂರನೇ ರಾತ್ರಿ ರಿಪೋರ್ಟ್ ಓದಿದೆ. ನೆಲಮಾಳಿಗೆಯನ್ನು ನಾವು ಪೂರ್ತಿ ಕಟ್ಟಿಸಿದ್ದೆವು, ಅಲ್ಲಿ ಒಂದು ಬಚ್ಚಲುಮನೆಯೂ ಇದೆ. ರಿಪೋರ್ಟ್‌ನಲ್ಲಿ ಅದು ಬರೀ ಸಿಮೆಂಟ್ ನೆಲ ಅಂತ ಇತ್ತು! ಹೋಲಿಕೆಗೆ ತಗೊಂಡ ಮೂರು ಮನೆಗಳಲ್ಲಿ, ಅದೇ ಕಾಂಪ್ ಅಂತಾರಲ್ಲ, ಎರಡು ನಮ್ಮದಕ್ಕಿಂತ ಇಪ್ಪತ್ತು ವರ್ಷ ಹಳೆಯವು. ನಮ್ಮ ಬಿಲ್ಡರೇ ಕಟ್ಟಿದ ಅದೇ ನಕ್ಷೆಯ ಮನೆ ಅರ್ಧ ಮೈಲಿಯಾಚೆ, ದೊಡ್ಡ ರಸ್ತೆಯ ಆ ಕಡೆ ಮಾರಾಟವಾಗಿತ್ತು. ಅದನ್ನು ಮುಟ್ಟಿರಲೇ ಇಲ್ಲ. ಆ ಕಡೆ ಹೆಚ್ಚಿನವರು ಬಿಳಿಯರು.

ಪರವಾನಗಿ, ರಸೀದಿ, ಫೋಟೋ, ನಾನೇ ಹುಡುಕಿದ ಮೂರು ಕಾಂಪ್ ಸೇರಿಸಿ ಬೆಲೆ ಮರುಪರಿಶೀಲನೆಗೆ ಪತ್ರ ಕೊಟ್ಟೆ. ಹನ್ನೆರಡು ದಿನ ಕಾಯಿಸಿದರು. 31 ಸಾವಿರ ಏರಿತು. ಪತ್ರದಲ್ಲಿ ಜನಾಂಗಭೇದ ಅಂತ ಒಂದಕ್ಷರ ಬರೆಯಲಿಲ್ಲ, ಸಾಲ ತಪ್ಪೀತು ಅನ್ನುವ ಭಯ. ಅಕ್ಕಪಕ್ಕದವರ ಮುಖ ನೋಡುವಾಗ ಆ ಮೌನ ಇವತ್ತಿಗೂ ನನ್ನನ್ನು ಕಾಡುತ್ತೆ. ಅವರಿಗೂ ಅದೇ ಕಾಂಪ್‌ಗಳು ತಾನೇ.

ಜಾರ್ಜಿಯಾದಿಂದ, ಲೈಸೆನ್ಸ್ ಇರುವ ಅಪ್ರೈಸರ್:

ಮೇಡಂ, ನಾನು ಈ ಕೆಲಸದಲ್ಲೇ ಇದ್ದೇನೆ. ನಮ್ಮ ವೃತ್ತಿಯಲ್ಲಿ ತೊಂಬತ್ತು ಶೇಕಡಕ್ಕಿಂತ ಹೆಚ್ಚಿನವರು ಬಿಳಿಯರು, ಅದು ಗೊತ್ತಿರಲಿ. ನಾವು ತುಂಬುವ 1004 ಎಂಬ ಫಾರಂನಲ್ಲಿ ನೆರೆಹೊರೆಯ ಭಾಗದ ತಲೆಯ ಮೇಲೇ "ಜನಾಂಗ ಮತ್ತು ನೆರೆಹೊರೆಯ ಜನಾಂಗೀಯ ಸ್ವರೂಪ ಬೆಲೆ ಕಟ್ಟುವ ಅಂಶಗಳಲ್ಲ" ಎಂದು ಅಚ್ಚಾಗಿದೆ. ಪ್ರತಿ ಸಲ ಆ ಸಾಲಿನ ಕೆಳಗೇ ನಾವು ನೆರೆಹೊರೆಯ ಗಡಿ ಬರೆಯುತ್ತೇವೆ. ಗಡಿ ಎಲ್ಲಿ ಎಳೆದಿರೋ ಸಾಮಾನ್ಯವಾಗಿ ಕಾಂಪ್ ಅಲ್ಲಿಂದಲೇ ಬರುತ್ತೆ. ನೀವು ನೋಡಬೇಕಾದದ್ದು ಆ ಗಡಿಯನ್ನು.

ಇನ್ನೊಂದು ವಿಷಯ. ಮನೆ ಕೊಳ್ಳುವಾಗ ಒಪ್ಪಂದದ ಬೆಲೆ ನಮ್ಮ ಕಣ್ಣೆದುರೇ ಇರುತ್ತೆ, ಹೆಚ್ಚಿನ ಅಪ್ರೈಸಲ್ ಅದರ ಆಸುಪಾಸಿಗೇ ಬಂದು ನಿಲ್ಲುತ್ತೆ. ರೀಫೈನಾನ್ಸ್‌ನಲ್ಲಿ ಅಂಥ ಆಧಾರವಿಲ್ಲ, ಮೇಲಾಗಿ ಮನೆಯವರೇ ಬಾಗಿಲು ತೆಗೆಯುತ್ತಾರೆ. ದೊಡ್ಡ ಮೊಕದ್ದಮೆಗಳು ರೀಫೈನಾನ್ಸ್‌ನಿಂದ ಬಂದದ್ದು ನನಗೆ ಆಶ್ಚರ್ಯ ತರಲಿಲ್ಲ. ಕ್ಯಾಲಿಫೋರ್ನಿಯಾದ ಮೆರಿನ್ ಸಿಟಿಯಲ್ಲಿ ಒಂದು ಕಪ್ಪು ದಂಪತಿಗೆ ಮೊದಲು 9,95,000 ಡಾಲರ್ ಬಂತು. ಫೋಟೋ ಎತ್ತಿಟ್ಟು ಬಿಳಿ ಗೆಳತಿಯನ್ನು ಮನೆಯೊಡತಿಯಂತೆ ನಿಲ್ಲಿಸಿದಾಗ 14,82,500. ಆ ಕೇಸ್ 2023ರಲ್ಲಿ ರಾಜಿಯಾಯಿತು. ನಿಮ್ಮ ಬಾಲ್ಟಿಮೋರಿನಲ್ಲೇ ಜಾನ್ಸ್ ಹಾಪ್ಕಿನ್ಸ್‌ನ ಪ್ರಾಧ್ಯಾಪಕ ದಂಪತಿಗೆ 2021ರಲ್ಲಿ 4,72,000, ಆಮೇಲೆ ಬಿಳಿ ಸಹೋದ್ಯೋಗಿ ನಿಂತಾಗ 7,50,000. ಅಲ್ಲಿ ಅಪ್ರೈಸರ್ ಆರೋಪ ಒಪ್ಪಲಿಲ್ಲ, ಮಾನನಷ್ಟದ ಪ್ರತಿದಾವೆಯನ್ನೂ ಹಾಕಿದರು. ಲೆಂಡರ್ ಮಾತ್ರ 2024ರಲ್ಲಿ ರಾಜಿ ಮಾಡಿಕೊಂಡಿತು. ಇಬ್ಬರು ಅಪ್ರೈಸರ್‌ಗಳ ಲೆಕ್ಕ ಐದಾರು ಶೇಕಡ ಹೆಚ್ಚುಕಡಿಮೆಯಾದರೆ ನಾನು ಏನೂ ಅನ್ನಲ್ಲ. ಐವತ್ತು ಶೇಕಡ ಅಂತರವನ್ನು ನನ್ನ ಕೈಲಿ ಸಮರ್ಥಿಸೋಕೆ ಆಗಲ್ಲ.

ಅಂದಹಾಗೆ, ಹೆಚ್ಚಿನ ಲೆಂಡರ್‌ಗಳು ಒಂದು ಅಪ್ರೈಸಲ್‌ಗೆ ಒಂದೇ ಸಲ ಮರುಪರಿಶೀಲನೆ ಕೊಡುತ್ತಾರೆ. ಅವಸರದಲ್ಲಿ ಅರ್ಧಂಬರ್ಧ ಪತ್ರ ಕಳಿಸಬೇಡಿ.

ನ್ಯೂಜೆರ್ಸಿಯಿಂದ, ಅಂಕಿಅಂಶದ ಕೆಲಸದವನು:

ಅಕ್ಕ, ನಿಮ್ಮ ಯಜಮಾನರ ಮಾತನ್ನೂ ತಳ್ಳಿಹಾಕಬೇಡಿ. ಅದೇ ಮಾತನ್ನು ಸಂಖ್ಯೆ ಇಟ್ಟುಕೊಂಡು ಹೇಳುವವರಿದ್ದಾರೆ. 2021ರಲ್ಲಿ ಬ್ಯಾಂಕುಗಳಿಂದ ಗೃಹಸಾಲ ಕೊಳ್ಳುವ ದೊಡ್ಡ ಸಂಸ್ಥೆ ಫ್ರೆಡಿ ಮ್ಯಾಕ್ 1.2 ಕೋಟಿಗೂ ಹೆಚ್ಚು ಖರೀದಿ ಅಪ್ರೈಸಲ್‌ಗಳನ್ನು ನೋಡಿತು. ಒಪ್ಪಂದದ ಬೆಲೆಗಿಂತ ಕಡಿಮೆ ಬಂದದ್ದು ಬಿಳಿಯರ ಪ್ರದೇಶಗಳಲ್ಲಿ 7.4 ಶೇಕಡ, ಕಪ್ಪು ಜನ ಹೆಚ್ಚಿರುವಲ್ಲಿ 12.5, ಲ್ಯಾಟಿನೋಗಳು ಹೆಚ್ಚಿರುವಲ್ಲಿ 15.4. ನೀತಿ ಸಂಶೋಧನಾ ಸಂಸ್ಥೆಯಾದ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್‌ನವರು ಇದನ್ನು ಒಪ್ಪಲಿಲ್ಲ. ಆದಾಯ, ಕ್ರೆಡಿಟ್ ಸ್ಕೋರ್ ಇಂಥವನ್ನು ಲೆಕ್ಕಕ್ಕೆ ತಗೊಂಡರೆ ಅಂತರದ ಬಹುಪಾಲು ಕರಗುತ್ತೆ, ಇದು ವ್ಯವಸ್ಥಿತ ಪಕ್ಷಪಾತವಲ್ಲ ಅನ್ನುವುದು ಅವರ ವಾದ. ನಾನು ಇದನ್ನು ಪೂರ್ತಿ ಒಪ್ಪಲಾರೆ. ಆ ಆದಾಯದ ಅಂತರ ಆಕಾಶದಿಂದ ಬಿದ್ದದ್ದಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಕ್ಷೆಯಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಳಿದು ಸಾಲಕ್ಕೆ ಯೋಗ್ಯವಲ್ಲ ಅಂದಿತ್ತು.

ನನ್ನ ಮನಸ್ಸು ಹೆಚ್ಚು ಹಿಡಿದದ್ದು 2022ರ ಫ್ಯಾನಿ ಮೇ ಅಧ್ಯಯನ, ಅದೂ ಫ್ರೆಡಿ ಮ್ಯಾಕ್ ಥರದ್ದೇ ಸಂಸ್ಥೆ. 18 ಲಕ್ಷ ರೀಫೈನಾನ್ಸ್ ಅಪ್ರೈಸಲ್‌ಗಳನ್ನು ಕಂಪ್ಯೂಟರ್ ಅಂದಾಜಿನ ಪಕ್ಕ ಇಟ್ಟು ನೋಡಿದರು. ಕಪ್ಪು ಮಾಲೀಕರಿಗೆ ಸರಾಸರಿಯಲ್ಲಿ ಕಡಿತ ಸಣ್ಣದೇ. ಆದರೆ ಕಪ್ಪು ಜನ ಹೆಚ್ಚಿರುವ ಬಡಾವಣೆಗಳಲ್ಲಿ ಬಿಳಿಯರ ಮನೆಗಳಿಗೆ ಹೆಚ್ಚು ಬೆಲೆ ಕಟ್ಟಿದ್ದು ಎದ್ದು ಕಂಡಿತು. ಬೀದಿ ಕಡಿಮೆ ಬೆಲೆಯದ್ದು ಅನ್ನುವುದಾದರೆ ಅದು ಬಿಳಿಯರಿಗೂ ಕಡಿಮೆಯೇ ಇರಬೇಕಿತ್ತಲ್ಲವೇ?

ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಿದಾಗ "ನೀವು ಯಾವ ಜನ" ಅಂತ ಕೇಳಿ "ಮನೆ ಆಗಲೇ ಹೋಯ್ತು" ಅಂದವರನ್ನು ನಾವೆಲ್ಲ ಕಂಡಿದ್ದೇವೆ. ಯಾರೂ ಬರೆದು ಕೊಡುವುದಿಲ್ಲ. ಇಲ್ಲಿ ಬರೆದೂ ಇಟ್ಟಿದ್ದಾರೆ. 2021ರಲ್ಲಿ ಫೆಡರಲ್ ವಸತಿ ಹಣಕಾಸು ಸಂಸ್ಥೆ ಅಪ್ರೈಸಲ್‌ಗಳ ಟಿಪ್ಪಣಿ ಜಾಲಾಡಿದಾಗ ಜನಾಂಗಕ್ಕೆ ಸಂಬಂಧಿಸಿದ್ದೆನ್ನಬಹುದಾದ ಉಲ್ಲೇಖಗಳು ಸಾವಿರಗಟ್ಟಲೆ ಸಿಕ್ಕವು. ನಿಮ್ಮ ರಿಪೋರ್ಟ್‌ನ ಟಿಪ್ಪಣಿಗಳನ್ನೂ ಅಕ್ಷರ ಬಿಡದೆ ಓದಿ.

ವರ್ಜೀನಿಯಾದಿಂದ:

ದೂರು ಕೊಡುವ ಯೋಚನೆ ಇದ್ದರೆ ದಿನಾಂಕ ಬರೆದಿಟ್ಟುಕೊಳ್ಳಿ. ವಸತಿಯಲ್ಲಿ ಭೇದಭಾವ ತಡೆಯುವ ಫೇರ್ ಹೌಸಿಂಗ್ ಕಾಯ್ದೆಯಡಿ ಫೆಡರಲ್ ವಸತಿ ಇಲಾಖೆಗೆ ಒಂದು ವರ್ಷದೊಳಗೆ, ಕೋರ್ಟಿಗೆ ಎರಡು ವರ್ಷದೊಳಗೆ. ಸರ್ಕಾರ ವಿಮೆ ಕೊಡುವ ಎಫ್‌ಎಚ್‌ಎ ಸಾಲಗಳಿಗೆ 2024ರಲ್ಲಿ ತಂದ ಮರುಪರಿಶೀಲನೆಯ ನಿಯಮವನ್ನು 2025ರಲ್ಲಿ ಹಿಂತೆಗೆದರು. ಹಾಗಾಗಿ ನಿಮ್ಮ ಲೆಂಡರ್ ಹತ್ತಿರ ಏನು ಕ್ರಮ ಇದೆ ಅಂತ ಬರಹದಲ್ಲೇ ಕೇಳಿ, ಫೋನಲ್ಲಿ ಬೇಡ.

ಕೇಳಿದವರು:

ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ ಮಗು ಮಲಗಿದ ಮೇಲೆ ಇಬ್ಬರೂ ಕೂತು ರಿಪೋರ್ಟ್ ಓದಿದೆವು. ಮೂರನೇ ಕಾಂಪ್ ಬ್ಯಾಂಕು ಜಪ್ತಿ ಮಾಡಿ ಮಾರಿದ ಮನೆ. ಕಂಡುಹಿಡಿದದ್ದು ನಮ್ಮ ಯಜಮಾನರೇ. "ಮಾರ್ಕೆಟ್ಟು" ಅನ್ನುವ ಮಾತು ಆಮೇಲೆ ಅವರ ಬಾಯಿಂದ ಬರಲಿಲ್ಲ. ಎದುರು ಮನೆಯ ಅಜ್ಜಿ 2019ರ ತಮ್ಮ ರಿಪೋರ್ಟ್ ಇನ್ನೂ ಇಟ್ಟುಕೊಂಡಿದ್ದಾರಂತೆ. ಶನಿವಾರ ಅದನ್ನು ಹಿಡಿದು ಬರ್ತಾರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಗಡಿ ಎಲ್ಲಿ ಎಳೆದಿದ್ದಾರೆ ನೋಡ್ತೀವಿ.