ಅಪ್‌ಡೇಟ್: ಪಾಯದ ಅಗೆತಕ್ಕೆ ಪುರಾತತ್ವ ನಿಗಾ, ಕೆಲಸ ಮುಗಿದ ಮೇಲೆ

ಹಳೆಯ ಪೇಟೆಯ ಮನೆಗೆ ಹಿಂಬದಿಯಲ್ಲಿ ಒಂದು ಕೋಣೆ ಸೇರಿಸುವಾಗ, ಪಾಯ ಅಗೆಯಲು ಪುರಾತತ್ವಜ್ಞರ ನಿಗಾ (ಅಗೆಯುವಾಗ ನೋಡುತ್ತಿದ್ದು, ಹಳೆಯ ಕುರುಹು ಕಂಡರೆ ದಾಖಲಿಸುವುದು) ಬೇಕೆಂಬ ಷರತ್ತು ಬಂದರೆ ಕೆಲಸ ಹೇಗೆ ಹೊಂದಿಸುವುದು ಎಂದು ಕೇಳಿದ್ದೆ. ಅಗೆತ ಮುಗಿಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಬಕೆಟ್. ಯಂತ್ರಕ್ಕೆ ಹಲ್ಲಿಲ್ಲದ, ನೇರ ಅಂಚಿನ ಬಕೆಟ್ ಹಾಕಿಸಿ, ಒಂದು ಸಲಕ್ಕೆ ಸುಮಾರು 10 ಸೆಂ.ಮೀ. ಮಾತ್ರ ಕೆರೆಸಿ. ಹಲ್ಲಿನ ಬಕೆಟ್ ನೆಲವನ್ನು ಉತ್ತಂತೆ ಮಾಡುತ್ತದೆ. ಹಳೆಯ ಗುಂಡಿಯ ಅಂಚು, ಹಿಂದೆ ಕಂಬ ನೆಟ್ಟಿದ್ದ ಕುಳಿ, ಸುಟ್ಟ ನೆಲ ಯಾವುದೂ ಕಾಣುವುದಿಲ್ಲ. ಯಂತ್ರ ಹಿಂದಕ್ಕೆ ಸರಿಯುತ್ತ ಅಗೆಯಬೇಕು, ತೆರೆದ ನೆಲದ ಮೇಲೆ ಹತ್ತಬಾರದು. ಮಣ್ಣು ಒಣಗಿದರೆ ಪದರಗಳ ಬಣ್ಣ ಒಂದೇ ಆಗಿಬಿಡುತ್ತದೆ. ಸ್ಪ್ರೇಯರ್‌ನಿಂದ ತೆಳ್ಳಗೆ ನೀರು ಚಿಮುಕಿಸಿದರೆ ವ್ಯತ್ಯಾಸ ಮತ್ತೆ ಮೂಡುತ್ತದೆ.

60 ಸೆಂ.ಮೀ. ಅಗಲದ ಕಂದಕದಲ್ಲಿ ತಳಕ್ಕಿಂತ ಬದಿಯೇ ಹೆಚ್ಚು ಹೇಳುತ್ತದೆ. ಅದನ್ನು ಕರಣೆಯಿಂದ ಹೆರೆದು, ಅಳತೆಪಟ್ಟಿ ಇಟ್ಟು ಫೋಟೊ. ಆಮೇಲೆ 1:10 ಅಳತೆಯಲ್ಲಿ ಛೇದಚಿತ್ರ (ಬದಿಯ ಪದರಗಳನ್ನು ತೋರಿಸುವ ನಕ್ಷೆ), ಪ್ರತಿ ಪದರಕ್ಕೂ ಒಂದು ಸಂಖ್ಯೆ. ಸಡಿಲ ತುಂಬುಮಣ್ಣಾದರೆ ಆಸರೆ ಇಲ್ಲದೆ ಯಾರೂ ಇಳಿಯಬಾರದು, ಮೇಲಿನಿಂದಲೇ ದಾಖಲಿಸಿ.

ಅಗೆಯುವ ದಿನಕ್ಕೇ ಕಾಂಕ್ರೀಟ್ ಲಾರಿ ಗೊತ್ತುಮಾಡಬೇಡಿ. ಏನಾದರೂ ಸಿಕ್ಕಿತೆಂದರೆ ದಾಖಲೆಗೆ ಸಮಯ ಬೇಕು, ಲಾರಿ ಮಾತ್ರ ಕಾಯುವುದಿಲ್ಲ. ಚರಂಡಿ ಪೈಪಿನ ಕಂದಕವೂ ಷರತ್ತಿನಲ್ಲಿ ಸೇರಿದೆಯೇ ನೋಡಿ. ಗುತ್ತಿಗೆದಾರರು ಮರೆಯುವುದು ಅದನ್ನೇ. ಹಳೆಯ ಗೋಡೆ ಅಡ್ಡ ಬಂದರೆ ಕೀಳಲೇಬೇಕೆಂದಿಲ್ಲ: ಎಂಜಿನಿಯರ್ ಲೆಕ್ಕ ಹಾಕಿಕೊಟ್ಟರೆ ಅದರ ಮೇಲೆ ಭಾರ ಬೀಳದಂತೆ ಆರ್‌ಸಿಸಿ ತೊಲೆ ದಾಟಿಸಬಹುದು. ಮೂಳೆ ಕಂಡರೆ ಅಗೆತ ನಿಲ್ಲಿಸಿ, ಮುಚ್ಚಿ, ನಿಗಾದವರಿಗೆ ತಿಳಿಸಿ.